ಬೆಕ್ಕಿನ ನೋಟು

ನನ್ನ ಪಾತ್ರೆ ಅಂಗಡಿಯ ಮೇಲಿನ ಹಲಗೆಯಲ್ಲಿ ಎರಡು ವರ್ಷ ಧೂಳು ತಿನ್ನುತ್ತ ಕೂತಿದ್ದ ನಿಂಬೆಹಣ್ಣು ಹಿಂಡುವ ಸಾಮಾನೊಂದನ್ನು ನನ್ನ ಹೆಂಡತಿ ಗೆದ್ದುಕೊಂಡು ಬಂದಳು. ಎದುರುಮನೆಯಲ್ಲಿ ನಡೆದ ಹರಾಜಿನಲ್ಲಿ ನಮ್ಮ ಬೀದಿಯ ಟೈಲರಮ್ಮನ ಜೊತೆ ಗಂಟಲು ಹರಿಯುವಂತೆ ಪೈಪೋಟಿಗೆ ಬಿದ್ದು ಗೆದ್ದದ್ದು.

"ಎಂಟು ನೋಟು ಎಣಿಸಿದೆ ರೀ, ಬಿಡ್ಲಿಲ್ಲ ನಾನು!" ಎಂದು ಅದನ್ನು ನನ್ನ ಮೂಗಿನ ಮುಂದೆ ಹಿಡಿದಳು. ಹಿಡಿಕೆಯ ಮೇಲೆ ನನ್ನ ಅಂಗಡಿಯ ಬೆಲೆ ಚೀಟಿಯ ಅಂಟು ಇನ್ನೂ ಇತ್ತು. ನಾನು ಅದನ್ನು ಮೆಲ್ಲಗೆ ಉಗುರಿನಿಂದ ಕೆರೆದು ತೆಗೆದೆ. ಮಾಲು ತಿರುಗಿ ನನ್ನ ಮನೆಗೇ ಬಂದರೂ ವ್ಯಾಪಾರ ಆದದ್ದು ಆದದ್ದೇ ತಾನೆ.

ಅದನ್ನು ನನ್ನಿಂದ ಅಗ್ಗಕ್ಕೆ ಒಯ್ದವಳು ಡಬ್ಬಿ ಅಕ್ಕ. ಮೊದಲು ಅವಳು ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಕೂಗುತ್ತಿದ್ದವಳು. ಮಲಗಿದ್ದವರು ಎದ್ದು ಚೀಲ ಹುಡುಕಿಕೊಳ್ಳುವಂಥ ಗಂಟಲು. ಆಮೇಲೆ ನಿಲ್ದಾಣದವರು ಕೂಗುವ ಯಂತ್ರ ತಂದರು. "ಯಂತ್ರಕ್ಕೆ ನೆಗಡಿ ಆಗಲ್ಲ, ರಜೆ ಕೇಳಲ್ಲ. ನಾನು ಎರಡೂ ಮಾಡ್ತಿದ್ದೆ" ಎಂದು ಅವಳೇ ನಗುತ್ತ ಹೇಳುತ್ತಾಳೆ.

ಆ ಗಂಟಲನ್ನು ಅವಳು ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಕಂಪನಿಗೆ ಒಯ್ದಳು. ಕಂಪನಿ ಅವಳಿಗೆ ಮಾದರಿ ಡಬ್ಬಿಗಳ ದೊಡ್ಡ ಚೀಲ ಕೊಟ್ಟಿತು. ಒಬ್ಬಾಕೆ ತನ್ನ ಮನೆಯ ಹಜಾರ ಬಿಟ್ಟುಕೊಟ್ಟು ಗೆಳತಿಯರನ್ನು ಟೀಗೆ ಕರೆಯಬೇಕು, ಅದಕ್ಕೆ ಪಾರ್ಟಿ ಎಂದು ಹೆಸರು. ಡಬ್ಬಿ ಅಕ್ಕ ನೀರು ತುಂಬಿದ ಡಬ್ಬಿಯನ್ನು ಆ ಮನೆಯ ಹೊಸ ಸೋಫಾದ ಮೇಲೆಯೇ ತಲೆಕೆಳಗು ಹಿಡಿಯುತ್ತಾಳೆ. ಮನೆಯಾಕೆಯ ಜೀವ ಬಾಯಿಗೆ ಬಂದಿರುತ್ತದೆ, ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿ ಖರ್ಚಾಗುತ್ತದೆ.

ಆದರೆ ಹೆಂಗಸರು ಬರುತ್ತಿದ್ದದ್ದು ಕೊನೆಯ ಹರಾಜಿಗೆ. ಅದರ ನೋಟುಗಳನ್ನು ಅವಳೇ ಗುಲಾಬಿ ಕಾಗದದಲ್ಲಿ ಮಾಡಿಸಿದ್ದಳು. ನಡುವೆ ಕನ್ನಡಕ ಹಾಕಿದ ಬೆಕ್ಕು, ಕೆಳಗೆ ಅವಳ ರುಜು. ಹೊತ್ತಿಗೆ ಸರಿಯಾಗಿ ಬಂದವರಿಗೆ ಒಂದು ನೋಟು. ಪ್ರಶ್ನೆ ಕೇಳಿದವರಿಗೆ ಒಂದು. ಹೊಸಬರನ್ನು ಕರೆತಂದರೆ, ತಂದವರಿಗೂ ಬಂದವರಿಗೂ ಎರಡೆರಡು. ಮುಂದಿನ ಪಾರ್ಟಿ ನಮ್ಮ ಮನೆಯಲ್ಲಿ ಎಂದು ದಿನ ಕೊಟ್ಟವರಿಗೆ ಐದು. ಕೊನೆಗೆ ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳನ್ನು ಆ ನೋಟುಗಳಿಗೇ ಹರಾಜು ಹಾಕುವುದು. ಒಳಗಿರುವುದು ನನ್ನ ಅಂಗಡಿಯ ಹಠಮಾರಿ ಮಾಲು. ಬಿಡಿಯಾಗಿಟ್ಟಾಗ ಯಾರೂ ತಿರುಗಿ ನೋಡದಿದ್ದ ಸೌಟು, ಕಾಗದದೊಳಗೆ ಹೊಕ್ಕ ಕೂಡಲೇ ಗೃಹಿಣಿಯರ ನಡುವೆ ಜಗಳ ತಂದಿಡುತ್ತಿತ್ತು.

ಡಬ್ಬಿ ಅಕ್ಕ ಹರಾಜು ಮುಗಿಸುತ್ತಿದ್ದದ್ದು ಬಸ್ಸು ಬಿಡುವ ಹಾಗೆಯೇ. "ಹೊರಡ್ತಾ ಇದೆ... ಬಾಗಿಲು ಹಾಕ್ತಾ ಇದಾರೆ... ಹೊರಟೇ ಹೋಯ್ತು!"

ಉಳಿದ ಮಾರಾಟಗಾರರು ಹರಾಜು ಮುಗಿದ ಮೇಲೆ ನೋಟುಗಳನ್ನು ವಾಪಸು ಇಸಿದುಕೊಳ್ಳುತ್ತಾರಂತೆ. ಇವಳು ಬುದ್ಧಿವಂತೆ. "ಉಳಿದದ್ದು ಇಟ್ಕೊಳ್ಳಿ, ಮುಂದಿನ ಪಾರ್ಟೀಲೂ ನಡೆಯುತ್ತೆ" ಎನ್ನುತ್ತಿದ್ದಳು. ಪರ್ಸಿನಲ್ಲಿ ಬೆಕ್ಕು ಕೂತಿದ್ದರೆ ಕಾಲು ತಾನಾಗಿ ಮುಂದಿನ ಪಾರ್ಟಿಗೆ ನಡೆಯುತ್ತದೆ ಎಂಬುದು ಅವಳ ಲೆಕ್ಕ. ಒಳ್ಳೆಯ ಲೆಕ್ಕವೇ. ಒಬ್ಬ ಮುದುಕಿಯನ್ನು ಮಾತ್ರ ಅದರಲ್ಲಿ ಹಿಡಿದಿರಲಿಲ್ಲ.

ನಮ್ಮ ಮನೆಯಲ್ಲಿ ಪಾರ್ಟಿ ಇದ್ದ ದಿನ ಡಬ್ಬಿ ಅಕ್ಕ ಬೇಗ ಬಂದು ಅಡುಗೆಮನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಮುಖದಲ್ಲಿ ಎಂದಿನ ಕಳೆ ಇರಲಿಲ್ಲ.

"ಅಣ್ಣಾ, ಈ ಬೀದೀಲಿ ಡಬ್ಬಿ ಇಲ್ಲದ ಮನೆ ಉಳಿದಿಲ್ಲ. ಎಲ್ಲರೂ ಒಂದೊಂದು ಸಲ ಪಾರ್ಟಿ ಮಾಡಿಯಾಯ್ತು. ಇವತ್ತು ಯಾರೂ ದಿನ ಕೊಡದಿದ್ರೆ ನಾಳೆ ಕಂಪನಿಯವರು ಚೀಲ ವಾಪಸು ತಗೋತಾರೆ."

"ತಗೊಂಡ್ರೆ?"

"ಮತ್ತೆ ಗಂಟಲಿಗೆ ಕೆಲಸ ಹುಡುಕಬೇಕು. ಮೊದಲನೆಯದನ್ನ ಯಂತ್ರ ತಿಂತು. ಇದು ನಾನೇ ಕಟ್ಟಿದ್ದು ಅಣ್ಣಾ, ಹೋಗಬಾರದು."

ನಾನು ಸಮಾಧಾನಕ್ಕೆಂದು ಮೊಟ್ಟೆ ಹೋಳು ಮಾಡುವ ಸಾಮಾನೊಂದನ್ನು ಬಿಟ್ಟಿ ಕೊಟ್ಟೆ. ಹೇಗೂ ಅದರ ತಂತಿ ಸಡಿಲವಾಗಿತ್ತು.

ಹಜಾರ ತುಂಬಿತು. ಟೈಲರಮ್ಮ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಪಕ್ಕದ ಮನೆಯಾಕೆ, ಹೆಂಡತಿಯ ಉಳಿದ ಗೆಳತಿಯರು. ಮೂಲೆಯ ಕುರ್ಚಿಯಲ್ಲಿ ನನ್ನ ಅಮ್ಮ, ಮಡಿಲಲ್ಲಿ ಒಂದು ದಿಂಬು. ಹೆಂಡತಿ ಅಮ್ಮನನ್ನು ಪ್ರತಿ ಪಾರ್ಟಿಗೂ ಕೈಹಿಡಿದು ಕರೆದೊಯ್ಯುತ್ತಿದ್ದಳು. ಅತ್ತೆಯ ಮೇಲಿನ ಪ್ರೀತಿ ಎಂದು ನಾನು ಹಿಗ್ಗಿದ್ದೆ. ಪ್ರತಿ ಮನೆಯಲ್ಲೂ 'ಈ ಮನೆಗೆ ಇವರು ಹೊಸಬರೇ' ಎಂದು ಅಮ್ಮನನ್ನು ಹೊಸಬರ ಲೆಕ್ಕಕ್ಕೆ ಸೇರಿಸಿ ನೋಟು ಗಿಟ್ಟಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಅಮ್ಮ ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು, "ಮುಚ್ಚಳ ಕಳೆದುಹೋದ್ರೆ ಏನಮ್ಮಾ ಮಾಡೋದು?" ಅದಕ್ಕೂ ಒಂದು ನೋಟು. ಹರಾಜಿನಲ್ಲಿ ಮಾತ್ರ ಒಂದು ದಿನವೂ ಬಾಯಿ ಬಿಟ್ಟವಳಲ್ಲ. "ಅತ್ತೆಗೆ ಈ ಆಟ ತಲೆಗೆ ಹತ್ತಲ್ಲ" ಎಂದು ಸೊಸೆ ತೀರ್ಪು ಕೊಟ್ಟಿದ್ದಳು.

ಡಬ್ಬಿಗಳ ಪ್ರದರ್ಶನ ಮುಗಿಯಿತು. "ಮುಂದಿನ ಪಾರ್ಟಿ ಯಾರ ಮನೇಲಿ?" ಎಂದು ಕೇಳಿದಾಗ ಒಬ್ಬಳು ಫ್ಯಾನ್ ನೋಡಿದಳು, ಒಬ್ಬಳು ಕಾಲಿನ ಹೆಬ್ಬೆರಳು ನೋಡಿದಳು. ಡಬ್ಬಿ ಅಕ್ಕ ನಗುವನ್ನು ಹಾಗೇ ಹಿಡಿದುಕೊಂಡು ಮೊದಲ ಪೊಟ್ಟಣ ಎತ್ತಿದಳು.

"ಮೂರು!" ಎಂದಳು ಟೈಲರಮ್ಮ.

"ಐದು!" ಎಂದಳು ನನ್ನ ಹೆಂಡತಿ.

"ಹದಿನೈದು" ಎಂದಿತು ಮೂಲೆಯ ಕುರ್ಚಿ.

ಎಲ್ಲರೂ ತಿರುಗಿದರು. ಅಮ್ಮ ದಿಂಬಿನ ಚೀಲದೊಳಗೆ ಕೈಹಾಕಿ ನೋಟು ತೆಗೆಯುತ್ತಿದ್ದಳು. ಅದರಲ್ಲಿ ಹತ್ತಿಗಿಂತ ಬೆಕ್ಕೇ ಹೆಚ್ಚಿತ್ತು.

ಎರಡನೇ ಪೊಟ್ಟಣವೂ ಅಮ್ಮನಿಗೆ, ಮೂರನೆಯದೂ ಅಮ್ಮನಿಗೆ. ಕ್ಯಾಷಿಯರಮ್ಮ ಎದ್ದು ನಿಂತಳು. "ಇದ್ಯಾವ ನ್ಯಾಯ ರೀ? ಹಳೇ ನೋಟು ನಡೆಯಲ್ಲ ಅಂತ ಹೇಳ್ಬಿಡಿ!"

"ಅತ್ತೇ, ಎಷ್ಟು ದಿನದಿಂದ ಕೂಡಿಟ್ರಿ?" ಎಂದು ಹೆಂಡತಿ ಹೌಹಾರಿದಳು.

"ನೀನು ನನ್ನನ್ನ ಹೊಸಬಳು ಮಾಡಿದಾಗಿನಿಂದ" ಎಂದಳು ಅಮ್ಮ.

ಡಬ್ಬಿ ಅಕ್ಕ ಒಂದು ನೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಅಮ್ಮನ ನೋಟು ನಡೆಯುವುದಿಲ್ಲ ಎಂದರೆ ಅಲ್ಲಿದ್ದವರೆಲ್ಲರ ಪರ್ಸಿನ ಬೆಕ್ಕುಗಳೂ ಅದೇ ಕ್ಷಣ ಸತ್ತವು. ನಡೆಯುತ್ತದೆ ಎಂದರೆ ಉಳಿದವರು ಮುನಿಸಿಕೊಂಡು ಬರಿಗೈಲಿ ಹೋಗುತ್ತಾರೆ, ದಿನ ಕೊಡುವ ಮಾತು ದೂರವೇ ಉಳಿಯಿತು. ವ್ಯಾಪಾರದಲ್ಲಿ ಇಂಥ ಗಳಿಗೆ ಬಂದಾಗ ನನಗೆ ಕೆಮ್ಮು ಬರುತ್ತದೆ. ಅವಳು ಕೆಮ್ಮಲಿಲ್ಲ.

"ಇದು ನನ್ನ ರುಜು. ನಡೆಯುತ್ತೆ" ಎಂದಳು. ಉಳಿದ ಮೂರು ಪೊಟ್ಟಣಗಳನ್ನೂ ಅದೇ ಗಂಟಲಲ್ಲಿ ಅಮ್ಮನಿಗೆ ಹೊರಡಿಸಿಬಿಟ್ಟಳು.

ಹೆಂಗಸರು ಚಪ್ಪಲಿಯ ಕಡೆ ನಡೆದರು. ಡಬ್ಬಿ ಅಕ್ಕ ಬಗ್ಗಿ ಡಬ್ಬಿಗಳನ್ನು ಒಂದರೊಳಗೊಂದು ಕೂರಿಸತೊಡಗಿದಳು. ನಾಳೆ ವಾಪಸು ಕೊಡುವ ಸಾಮಾನನ್ನು ಕೊನೆಯ ಸಲ ಜೋಡಿಸುವವರ ಹಾಗೆ, ನಿಧಾನಕ್ಕೆ.

"ಎಲ್ಲಿಗ್ರಮ್ಮಾ ಹೊರಟ್ರಿ?" ಎಂದಳು ಅಮ್ಮ. "ನಾನು ಇದನ್ನೆಲ್ಲ ಬಿಚ್ಚಿ ಏನು ಮಾಡ್ಲಿ? ಎಲ್ಲಾ ನನ್ನ ಮಗನ ಅಂಗಡಿ ಗುಜರಿ. ನಿಂಬೆಹಣ್ಣಿಂದು ಆಗ್ಲೇ ಒಂದಿದೆ ಮನೇಲಿ, ಹಿಂಡಿದ್ರೆ ಬೀಜ ಕಣ್ಣಿಗೇ ಹಾರುತ್ತೆ."

ನಾನು ಟೀ ತಟ್ಟೆ ಹಿಡಿದು ಅಡುಗೆಮನೆಗೆ ಜಾರಿದೆ. ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೆ.

"ಭಾನುವಾರ ನನ್ನ ಕೋಣೇಲಿ ಪಾರ್ಟಿ. ನನ್ನದು, ಸೊಸೇದಲ್ಲ. ಈ ಪೊಟ್ಟಣಗಳೇ ಹರಾಜಿಗೆ. ನೋಟು ಇದ್ದವರು ಬನ್ನಿ. ದಿನಾ ಪಾರ್ಕಲ್ಲಿ ನನ್ನ ಜೊತೆ ಕೂರೋ ಗೆಳತಿಯರನ್ನೂ ಕರೀತೀನಿ. ಒಂಬತ್ತು ಜನ. ಒಬ್ಬಳೂ ಇವಳ ಡಬ್ಬಿ ನೋಡಿಲ್ಲ, ಎಲ್ಲರಿಗೂ ಸ್ವಂತ ಮನೆ, ಸ್ವಂತ ಸೊಸೆ. ಈ ಮನೇಲಿ ನನ್ನ ಕಡೆಯವರು ಟೀ ಕುಡಿದು ಎಷ್ಟು ವರ್ಷ ಆಯ್ತು!"

ಚಪ್ಪಲಿ ಮೆಟ್ಟಿದ್ದ ಟೈಲರಮ್ಮ ಚಪ್ಪಲಿ ಬಿಟ್ಟಳು. "ಎಷ್ಟು ಗಂಟೆಗೆ ಅಜ್ಜಿ?"

"ಹೊತ್ತಿಗೆ ಸರಿಯಾಗಿ ಬಂದ್ರೆ ಒಂದು ನೋಟು, ಗೊತ್ತಲ್ಲ."

ಡಬ್ಬಿ ಅಕ್ಕ ಜೋಡಿಸಿದ್ದ ಡಬ್ಬಿಗಳನ್ನು ಕೆಳಗಿಟ್ಟು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಒಂಬತ್ತು ಹೊಸ ಮನೆಗಳ ಹಜಾರಗಳು ಅವಳ ಕಣ್ಣೊಳಗೆ ಸಾಲಾಗಿ ತೆರೆಯುತ್ತಿದ್ದದ್ದು ಅಡುಗೆಮನೆಯ ಬಾಗಿಲಿಗೂ ಕಾಣುತ್ತಿತ್ತು. ಏನೋ ಹೇಳಹೋದಳು. ಬಸ್ ನಿಲ್ದಾಣವನ್ನೇ ಎಬ್ಬಿಸಿದ ಗಂಟಲು ಆಗ ಮಾತ್ರ ಕೈಕೊಟ್ಟಿತು.

ಅಮ್ಮ ಒಂದು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಅಂಗೈ ಚಾಚಿದಳು.

"ಅಳೋದು ಆಮೇಲೆ. ದಿನ ಕೊಟ್ಟವರಿಗೆ ಐದು ನೋಟು ಅಲ್ವೇನಮ್ಮಾ? ಹೊಸಬರದು ಭಾನುವಾರ ಲೆಕ್ಕ ಹಾಕೋಣ."