ಮೂಸುವ ಬಟ್ಟಲು

ನಮ್ಮ ಅಡುಗೆಮನೆಯಲ್ಲಿ ಇಂಗಿಗೆ ಇರುವಷ್ಟು ಬಂದೋಬಸ್ತು ಬೇರೆ ಯಾವುದಕ್ಕೂ ಇಲ್ಲ. ಕ್ವೀನ್ಸ್‌ಬರಿಯ ಅಂಗಡಿಯಿಂದ ತಂದ ಗಟ್ಟಿ ಇಂಗು ಮೊದಲು ಸ್ಟೀಲ್ ಡಬ್ಬಿಗೆ, ಆ ಡಬ್ಬಿ ಬಿಗಿ ಮುಚ್ಚಳದ ಗಾಜಿನ ಸೀಸೆಗೆ, ಆ ಸೀಸೆ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹೋಗುತ್ತದೆ. ಈ ಪರದೇಶದ ಊರಿಗೆ ಬಂದ ಹೊಸದರಲ್ಲಿ ನೆಲದಡಿಯ ಟ್ಯೂಬ್ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಒಂದು ಮಾತೂ ಆಡದೆ ಎದ್ದು ಬೇರೆ ಸೀಟಿಗೆ ಹೋದಳು. ಅವಳು ಯಾಕೆ ಎದ್ದಳೋ ದೇವರಿಗೇ ಗೊತ್ತು. ಬೆಳಗಿನ ಒಗ್ಗರಣೆ ನನ್ನ ಕೋಟಿನಲ್ಲಿ ಕೂತಿರಬೇಕೆಂದು ನಾನೇ ತೀರ್ಮಾನಿಸಿಬಿಟ್ಟೆ. ಅಂದಿನಿಂದ ಬಾಣಲೆ ಇಡುವ ಮುಂಚೆ ಬಾಗಿಲ ಬಳಿಯ ಕೋಟುಗಳನ್ನೆಲ್ಲ ಮಹಡಿಯ ಕೋಣೆಗೆ ಸಾಗಿಸಿ ಬಾಗಿಲು ಹಾಕುವುದು ನನ್ನ ನಿತ್ಯಕರ್ಮ. ಇಪ್ಪತ್ತೆಂಟು ವರ್ಷ ವಾಸನೆಗೆ ಹೆದರಿಕೊಂಡೇ ಸಂಸಾರ ಮಾಡಿದ್ದೇನೆ ಅನ್ನಿ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಆ ಮೂರೂ ಮುಚ್ಚಳ ತೆಗೆದರೆ ಒಳಗಿಂದ ಏನೂ ಬರಲಿಲ್ಲ. ನೆಗಡಿ ಇರಬೇಕೆಂದುಕೊಂಡೆ, ನೆಗಡಿ ಇರಲಿಲ್ಲ. ಇಂಗು ಹಳತಾಗಿರಬೇಕೆಂದು ಹೊಸದು ತಂದೆ, ಅದೂ ಸುಣ್ಣದ ಕಲ್ಲಿನ ಹಾಗಿತ್ತು. ಆಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ಕಾಫಿಪುಡಿ, ಸೋಪು, ಊದುಬತ್ತಿ ಎಲ್ಲವನ್ನೂ ಒಂದೊಂದಾಗಿ ಮೂಗಿಗೆ ಹಿಡಿದು, ಒಂದೊಂದನ್ನೂ ಮೆಲ್ಲಗೆ ಅದರ ಜಾಗಕ್ಕಿಟ್ಟೆ. ಗ್ಯಾಸ್ ಸೋರಿದರೂ ನನಗೆ ತಿಳಿಯುವುದಿಲ್ಲವಲ್ಲ ಎಂದು ಹೊಳೆದ ಕ್ಷಣದಿಂದ ಒಲೆಯ ಗುಂಡಿಗಳನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತೇನೆ. ಸ್ನಾನ ಮಾಡಿ ಬಂದರೂ ಮೈಯ ಬಗ್ಗೆ ಅನುಮಾನ, ಪೌಡರು ಬಳಿದುಕೊಂಡರೆ ಜಾಸ್ತಿಯಾಯಿತೇನೋ ಎಂಬ ಅನುಮಾನ.

ಇಷ್ಟಕ್ಕೆಲ್ಲ ಇಷ್ಟು ಭಯವೇ ಎಂದು ನೀವು ಕೇಳಬಹುದು. ನನ್ನ ಅಮ್ಮನ ಕಥೆ ಗೊತ್ತಾದರೆ ಹಾಗೆ ಕೇಳಲಾರಿರಿ. ಮೈಸೂರಿನ ನಮ್ಮ ಮನೆಯಲ್ಲಿ ಪೂಜೆಯ ಹೂವನ್ನು ಮೂಸುವಂತಿರಲಿಲ್ಲ. ಮೂಸಿದ್ದು ಎಂಜಲು ಎಂದು ಅಮ್ಮ ಗದರುತ್ತಿದ್ದಳು. ಬುಟ್ಟಿ ಹಿಡಿದು ಬರುವಾಗ ಉಸಿರು ಬಿಗಿಹಿಡಿದುಕೊಂಡೇ ಬಂದರೂ ಕಳ್ಳ ಮೂಗಿಗೆ ಸಂಪಿಗೆ ತಾನಾಗಿಯೇ ನುಗ್ಗುತ್ತಿತ್ತು. ಅಂಥ ಅಮ್ಮನಿಗೆ ಒಂದು ದಿನ ಪಕ್ಕದಲ್ಲೇ ಹಾಲು ಸೀದು ತಳ ಹಿಡಿದರೂ ಗೊತ್ತಾಗಲಿಲ್ಲ. ನಾವೆಲ್ಲ ನಕ್ಕೆವು. ಅದಾಗಿ ಎರಡು ವರ್ಷಕ್ಕೆ ಅವಳಿಗೆ ನನ್ನ ಹೆಸರು ಗೊತ್ತಾಗಲಿಲ್ಲ. ನನ್ನ ಗಂಡ ಧಾರವಾಡದವರು, ಇಲ್ಲಿನ ಆಸ್ಪತ್ರೆಯಲ್ಲಿ ಮುದುಕರ ಡಾಕ್ಟರು. ರಜೆಯಲ್ಲಿ ಹೋದಾಗ ಅಮ್ಮನ ಪಕ್ಕ ಕೂತು, ಬೇರೆಲ್ಲ ಬಿಟ್ಟು ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: "ಅತ್ತೇರ, ಮೂಗು ಯಾವಾಗ ಹೋತು?"

ಆದ್ದರಿಂದಲೇ ಅವರಿಗೆ ಹೇಳಲಿಲ್ಲ. ಡಾಕ್ಟರ ಕಿವಿಗೆ ಬಿದ್ದರೆ ಅದು ಕಾಯಿಲೆ, ನನ್ನ ಹೊಟ್ಟೆಯಲ್ಲೇ ಇದ್ದರೆ ಬರೀ ಅನುಮಾನ ಎಂಬುದು ನನ್ನ ಲೆಕ್ಕ. ತಿಂಗಳುಗಟ್ಟಲೆ ನಟಿಸಿದೆ. ಉಪಾಯ ಸುಲಭ: ಮುಂಚೆ ಬೇರೆಯವರ ಮುಖ ನೋಡುವುದು, ಅವರು ಹುಬ್ಬೇರಿಸಿದರೆ ನಾನೂ ಏರಿಸುವುದು, ಅವರು ಆಹಾ ಅಂದರೆ ಅರೆಗಳಿಗೆ ಬಿಟ್ಟು ನಾನೂ ಆಹಾ ಅನ್ನುವುದು.

ನನ್ನ ಹುಟ್ಟಿದಹಬ್ಬಕ್ಕೆ ಮಗಳು ಮೇಘನಾ ಸ್ಟ್ರಾಟ್‌ಫರ್ಡಿನಲ್ಲಿ, ತನ್ನ ಫ್ಲ್ಯಾಟಿನ ಹತ್ತಿರದ ತೈವಾನೀಯರ ಟೀ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಟೇಬಲ್ ಹಿಡಿದಿದ್ದಳು. ನಾನೂ ಗಂಡನೂ ನಮ್ಮ ಮನೆಯಿರುವ ಸ್ಟ್ಯಾನ್ಮೋರಿನಲ್ಲಿ ಟ್ಯೂಬಿನ ಜುಬಿಲಿ ಲೈನಿನ ಈ ತುದಿ ಹತ್ತಿ ಆ ತುದಿ ಇಳಿದೆವು. ಅಲ್ಲಿ ಎಲ್ಲವೂ ಟೀಮಯ: ಟೀ ಡಿಕಾಕ್ಷನ್ನಿನಲ್ಲಿ ಬೇಯಿಸಿದ ಅನ್ನ, ಟೀ ಎಲೆಯ ಪುಡಿ ಉದುರಿಸಿದ ಕರಿದ ತೋಫು. ಊಟ ಹೇಗೋ ದಾಟಿತು. ಕೊನೆಗೆ ಬಡಿಸುವ ಹುಡುಗಿ ಪ್ರತಿಯೊಬ್ಬರ ಮುಂದೆ ಎರಡೆರಡು ಪುಟ್ಟ ಬಟ್ಟಲಿಟ್ಟಳು, ಒಂದು ಬೆರಳಿನಂತೆ ಎತ್ತರದ್ದು, ಒಂದು ಗಿಡ್ಡ. ಎತ್ತರದ್ದು ಕುಡಿಯಲಿಕ್ಕಲ್ಲ, ಮೂಸಲಿಕ್ಕೆ ಎಂದು ಮೇಘನಾ ಮೊದಲೇ ಹೇಳಿದ್ದಳು. ಅದರಲ್ಲಿ ಟೀ ಹೊಯ್ದು ಗಿಡ್ಡ ಬಟ್ಟಲಿಗೆ ಬಗ್ಗಿಸಿ, ಖಾಲಿಯಾದ ಬಟ್ಟಲನ್ನು ಮೂಗಿಗೆ ಹಿಡಿಯಬೇಕಂತೆ. ಮೂಸಿದ್ದು ಎಂಜಲು ಎಂದು ಬೆಳೆದವಳ ಮುಂದೆ ಮೂಸಲೆಂದೇ ಮಾಡಿದ ಬಟ್ಟಲು ಬಂದು ನಿಂತಿತ್ತು.

ಎಂದಿನಂತೆ ಕಾದು ಮುಖ ನೋಡಿದ್ದರೆ ಆಗುತ್ತಿತ್ತು. ಆದರೆ ಗಂಡ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ಅನುಮಾನಕ್ಕೆ ಜಾಗವೇ ಇರದಂತೆ ಈ ಸಲ ನಾನೇ ಮೊದಲಾಗಬೇಕೆಂದು ಹೊರಟೆ. ಹುಡುಗಿ ಎತ್ತರದ ಬಟ್ಟಲುಗಳಿಗೆ ಹಬೆಯಾಡುವ ನೀರು ಹೊಯ್ದು ಚೆಲ್ಲಿದ್ದೇ ತಡ, ಅದೇ ಟೀ ಎಂದುಕೊಂಡು ನನ್ನದನ್ನು ಎತ್ತಿ ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡು, "ಎಷ್ಟು ಚೆನ್ನಾಗಿದೆ ಕಣೇ, ಥೇಟು ಸಂಪಿಗೆ," ಅಂದೆ. ಹುಡುಗಿ ಸಂಕೋಚದಿಂದ ನಕ್ಕು, ಟೀ ಇನ್ನೂ ಹಾಕಿಲ್ಲ, ಬಟ್ಟಲು ಬೆಚ್ಚಗಾಗಲೆಂದು ಹೊಯ್ದ ಬಿಸಿನೀರು ಅದು ಎಂದಳು. "ಅಮ್ಮಾ, ಯು ಆರ್ ಟೂ ಮಚ್," ಎಂದು ಮೇಘನಾ ಟೇಬಲ್ ತಟ್ಟಿ ನಕ್ಕಳು. ನಾನೂ ನಕ್ಕೆ. ಗಂಡ ಮಾತ್ರ ನಗಲಿಲ್ಲ.

ಆಮೇಲೆ ನಿಜವಾದ ಟೀ ಬಂತು. ಅವರು ತಮ್ಮ ಬಟ್ಟಲನ್ನು ಮೂಸಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತ ಕೂತರು. ನನ್ನ ಬಟ್ಟಲಿನಲ್ಲಿ ಬೆಚ್ಚನೆಯ ಹಬೆ ಬಿಟ್ಟರೆ ಮತ್ತೇನೂ ಇರಲಿಲ್ಲ.

ವಾಪಸಾಗುವಾಗ ಅರ್ಧ ದಾರಿಯಲ್ಲಿ ಅವರು ಟ್ಯೂಬಿನ ಎದುರಿನ ಕಿಟಕಿಯ ಕತ್ತಲನ್ನು ನೋಡುತ್ತಲೇ ಕೇಳಿದರು, "ಮೂಗು ಯಾವಾಗ ಹೋತು?" ಅದೇ ಪ್ರಶ್ನೆ, ಅದೇ ಮೆತ್ತನೆಯ ದನಿ. ಚಳಿಗಾಲದಿಂದ ಅಂದೆ. "ಅಂಜಬ್ಯಾಡ. ಇದಕ್ಕ ನೂರಾ ಎಂಟು ಕಾರಣ ಇರತಾವ. ಯಾವುದೋ ಜ್ವರಾ ಬಂದು ಹೋದ್ರೂ ಹಿಂಗ ಆಗತದ," ಎಂದು ನನ್ನ ಕೈ ಹಿಡಿದುಕೊಂಡರು. ಅಂದು ಮೈಸೂರಿನಲ್ಲಿ ಅಮ್ಮನನ್ನು ನೋಡಿ ಹೊರಗೆ ಬಂದು ಅವರು ನನಗೆ ಮೊದಲು ಹೇಳಿದ್ದೂ ಇದನ್ನೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅವರು ನಮ್ಮ ಬಡಾವಣೆಯ ಡಾಕ್ಟರಾದ ಜಿಪಿಗೆ ಫೋನ್ ಹಚ್ಚಿ, ಕರೆ ಮಾಡಿದವರ ಸಾಲಿನಲ್ಲಿ ಏಳನೆಯವರಾಗಿ ಕಾಯುತ್ತ ನಿಂತಿದ್ದರು. ಫೋನನ್ನು ಹೆಗಲಿಗೆ ಒತ್ತಿಕೊಂಡೇ ತಗಡಿನ ಡಬ್ಬ ಇಳಿಸಿ, ಸೀಸೆ ತೆರೆದು, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಅದನ್ನು ನನ್ನ ಮೂಗಿನ ಕೆಳಗೆ ಹಿಡಿದರು. "ಕಣ್ಣು ಮುಚ್ಚು. ಏನರ ಬಂತೇನು?" ತಿಂಗಳುಗಟ್ಟಲೆ ರೂಢಿಯಾದ ಬಾಯಿ ಬಂತು ಅನ್ನಲು ಆಗಲೇ ತೆರೆದಿತ್ತು. "ಇಲ್ಲ ರೀ," ಅಂದೆ. ಹೇಳಿದ ಮೇಲೆ ಕಣ್ಣು ತೆರೆಯಲು ಧೈರ್ಯ ಬರಲಿಲ್ಲ. ತೆರೆದಾಗ ಅವರ ಕೈಯಿಂದ ಜಾರಿದ ಮುಚ್ಚಳ ನೆಲದ ಮೇಲೆ ಗಿರಗಿರ ತಿರುಗುತ್ತಿತ್ತು.

ಮಧ್ಯಾಹ್ನಕ್ಕೆ ಬರಹೇಳಿದ್ದಾರೆ. ಡಬ್ಬಿ ಇನ್ನೂ ಮೇಜಿನ ಮೇಲೆ ತೆರೆದೇ ಇದೆ, ಕೋಟುಗಳು ಬಾಗಿಲ ಬಳಿಯ ಗೂಟದಲ್ಲೇ ತೂಗುತ್ತಿವೆ, ಅವುಗಳನ್ನು ಮಹಡಿಗೆ ಸಾಗಿಸಲು ನಾನು ಏಳಲಿಲ್ಲ. ನನ್ನ ಕೋಟನ್ನು ಹಾಗೆಯೇ ತೊಟ್ಟು ಹೋಗಿ ಜಿಪಿಯ ವೇಟಿಂಗ್ ರೂಮಿನಲ್ಲಿ ಕೂತುಕೊಳ್ಳುತ್ತೇನೆ. ಪಕ್ಕದವರು ಎದ್ದು ಬೇರೆ ಕುರ್ಚಿಗೆ ಹೋದರೆ ಹೋಗಲಿ. ನನ್ನ ಮನೆಯ ಇಂಗು ಇನ್ನೂ ನಾರುತ್ತಿದೆ ಎಂದು ಇನ್ನು ಮೇಲೆ ನನಗೆ ಅವರೇ ತಿಳಿಸಬೇಕು.