ಕಾರ್ಡಿಗೊಂದು ಸದ್ದಿಲ್ಲದ ಕೂಲರ್

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಮೈಕಿನ ಮುಂದೆ ನಿಂತವರ ಹೊಟ್ಟೆ ಗುರ್ ಎಂದರೂ ಸಾಕು, ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರೂ ಸಾಕು, ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು ಕೂತ ಅವನ ಹುಬ್ಬು ಮೇಲೇರುತ್ತಿತ್ತು. ಒಮ್ಮೆ ಹೊಸದಾಗಿ ದನಿ ಕೊಡಲು ಬಂದ ಹೆಂಗಸಿಗೆ, "ಇನ್ನೊಂದ್ ಸಲ ಹೇಳಿ ಮೇಡಂ, ನಿಮ್ ಜೊತೆ ಬಳೆನೂ ಡೈಲಾಗ್ ಹೇಳಿಬಿಡ್ತು" ಎಂದ. ಅವಳು ನಗುತ್ತಾ ಬಳೆ ತೆಗೆದಿಟ್ಟು ಮತ್ತೆ ಹೇಳಿದಳು. ಆ ದನಿ ಅವನ ತಲೆಯೊಳಗೆ ಹೊಕ್ಕಿದ್ದು ಹೊರಬರಲೇ ಇಲ್ಲ. ವರ್ಷ ತಿರುಗುವುದರೊಳಗೆ ಇಬ್ಬರಿಗೂ ಮದುವೆಯಾಯಿತು.

ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ಸೇರಿ ಮನೆಯಲ್ಲೇ ಕೆಲಸ ಶುರುಮಾಡಿದರು. ಎರಡೇ ಕೋಣೆಯ ಬಾಡಿಗೆ ಮನೆ. ಒಳಕೋಣೆಯ ಗೋಡೆಗಳಿಗೆ ಹಳೇ ಹಾಸಿಗೆ, ದಪ್ಪ ಕಂಬಳಿಗಳನ್ನು ಹೊಡೆದು ಮೈಕು ನಿಲ್ಲಿಸಿದರು. ಪಾಠದ ವಿಡಿಯೋಗಳಿಗೆ, ಜಾಹೀರಾತುಗಳಿಗೆ ಅವಳು ದನಿ ಕೊಡುವಳು. ಅವನು ಅದನ್ನು ಹಿಡಿದು, ಸೋಸಿ, ಚಿತ್ರದ ತುಟಿಗೆ ಕೂಡಿಸುವನು. ಕಂಪ್ಯೂಟರಿಗೆ ಬೇರೆ ಜಾಗವಿರಲಿಲ್ಲವಾದ್ದರಿಂದ ಅದೂ ಮೈಕಿನ ಪಕ್ಕದಲ್ಲೇ, ಮೇಜಿನ ಕೆಳಗೆ ಕೂತಿತ್ತು.

ಚಿತ್ರದ ಕೆಲಸ ಹೆಚ್ಚಾದಂತೆ ಕಂಪ್ಯೂಟರು ಏದುಸಿರು ಬಿಡತೊಡಗಿತು. ಗೇಮ್ ಆಡುವ ಹುಚ್ಚು ಬಿಟ್ಟ ಯಾರೋ ಮಾರಿದ ಗ್ರಾಫಿಕ್ಸ್ ಕಾರ್ಡೊಂದನ್ನು ತಂದು ಹಾಕಿದ. ಚಿತ್ರ ನೀರಿನಂತೆ ಹರಿಯಿತು, ನಿಜ. ಆದರೆ ಸ್ವಲ್ಪ ಬಿಸಿಯೇರಿದರೆ ಸಾಕು, ಕಾರ್ಡಿನ ಮೇಲಿನ ಎರಡು ಪುಟ್ಟ ಫ್ಯಾನುಗಳು ಕೂದಲೊಣಗಿಸುವ ಯಂತ್ರದಂತೆ ಬುಸುಗುಟ್ಟುತ್ತಿದ್ದವು.

"ರೀ, ಇದು ಪಿಸುಗುಟ್ಟಿ ಹೇಳಬೇಕಾದ ಮಾತು" ಎಂದಳು ಹೆಂಡತಿ, ಮೈಕಿನಿಂದ ಹಿಂದೆ ಸರಿದು. "ಅದು ಬೆನ್ನ ಹಿಂದೆ ನಿಂತು ಬೊಬ್ಬೆ ಹೊಡೀತಿದ್ರೆ ನಾನು ಯಾರ ಕಿವಿಗೆ ಪಿಸುಗುಟ್ಟಲಿ?"

ಅವನಿಗೆ ಆ ಬೊಬ್ಬೆಯ ಅಡಿಯಲ್ಲಿ ಇನ್ನೊಂದು ಸದ್ದೂ ಕೇಳಿಸುತ್ತಿತ್ತು. ತೀರಾ ಸಣ್ಣದು, ತೀರಾ ಎತ್ತರದ್ದು. ಸ್ಟೀಲ್ ತಟ್ಟೆಯ ಮೇಲೆ ಸೂಜಿ ಎಳೆದಂಥ ಸೀಟಿ. ಫ್ಯಾನಿನ ಬೇರಿಂಗ್ ಸವೆದಿರಬೇಕು ಎಂದುಕೊಂಡ. ಫ್ಯಾನಿನ ವೇಗ ತಗ್ಗಿಸಿ ನೋಡಿದ. ಅರ್ಧ ಕೆಲಸದಲ್ಲಿ ಕಾರ್ಡು ಕಾದು ಪರದೆ ಕಪ್ಪಾಯಿತು. ಇನ್ನು ಇದಕ್ಕೆ ಬೇರೆ ಕೂಲರ್ ಹಾಕದೆ ಗತಿಯಿಲ್ಲ ಎಂದು ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೋದ.

"ನೀರು ಸುತ್ತೋ ತರದ್ದೂ ಇದೆ ಸಾರ್" ಎಂದ ರಿಪೇರಿಯವ. "ಒಳ್ಳೆ ತಂಪು."

"ನೀರನ್ನ ಸುತ್ತಿಸೋಕೆ ಪಂಪ್ ಬೇಕಲ್ಲ? ಅದು ಗೊಣಗುತ್ತೆ."

"ಫ್ಯಾನೇ ಇಲ್ಲದ್ದು ಇದೆ. ಬರೀ ಬಿಸಿ ಹೀರೋ ಅಲ್ಯೂಮಿನಿಯಂ ತಗಡಿನ ರೆಕ್ಕೆಗಳು. ಆದ್ರೆ ನಿಮ್ಮ ಕಂಪ್ಯೂಟರ್ ಇರೋದು ಮೇಜಿನ ಕೆಳಗೆ ಗೂಡಲ್ಲಿ. ಗಾಳಿ ಆಡ್ದೆ ಬೆಂದುಹೋಗುತ್ತೆ."

ಕೊನೆಗೆ ಉಳಿದದ್ದು ಒಂದೇ: ಇಟ್ಟಿಗೆಯಷ್ಟು ದಪ್ಪನೆಯ ರೆಕ್ಕೆಗಳ ರಾಶಿ, ಅದರ ಮೇಲೆ ಅಂಗೈ ಅಗಲಕ್ಕಿಂತ ದೊಡ್ಡದಾದ ಎರಡು ಫ್ಯಾನು. ದೊಡ್ಡ ಫ್ಯಾನು ನಿಧಾನವಾಗಿ ಸುತ್ತಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ, ನಿಧಾನವಾಗಿ ಸುತ್ತುವುದರಿಂದ ಸದ್ದು ಮಾಡುವುದಿಲ್ಲ. ಅವನ ಮನಸ್ಸಿಗೆ ಅದು ಒಪ್ಪಿತು. ಆದರೆ ಕಾರ್ಡಿನ ಚಿಪ್ಪಿನ ಸುತ್ತ ಇರುವ ನಾಲ್ಕು ತೂತುಗಳ ಅಂತರ ಹೊಂದಬೇಕು, ಕಂಪ್ಯೂಟರ್ ಪೆಟ್ಟಿಗೆಯೊಳಗೆ ಅಷ್ಟು ದಪ್ಪಕ್ಕೆ ಜಾಗ ಇರಬೇಕು. ಮನೆಗೆ ಬಂದು ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ, ಕೂಲರಿನದೇ ಅಳತೆಯ ಟೊಳ್ಳು ಡಬ್ಬಿಯೊಂದನ್ನು ಮಾಡಿ ಕಾರ್ಡಿನ ಮೇಲೆ ಕೂರಿಸಿ ನೋಡಿದ. ಹಾರ್ಡ್ ಡಿಸ್ಕ್ ಕೂರುವ ಗೂಡು ಅಡ್ಡ ಬಂತು. ಅದನ್ನೂ ಬಿಚ್ಚಿ ತೆಗೆದ.

"ಬಟ್ಟೆ ಹೊಲಿಸೋಕೂ ಇಷ್ಟು ಅಳತೆ ತಗೊಂಡಿರ್ಲಿಲ್ಲ ನೀವು" ಎಂದು ಅವಳು ನಕ್ಕಳು.

ಕೂಲರ್ ಬಂದ ದಿನ ಊಟ ಬಿಟ್ಟು ಕೂತ. ಹಳೇ ಫ್ಯಾನುಗಳನ್ನು ಕಳಚಿ, ಚಿಪ್ಪಿನ ಮೇಲೆ ಒಣಗಿ ಹೆಪ್ಪುಗಟ್ಟಿದ್ದ, ಬಿಸಿ ದಾಟಿಸುವ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದನ್ನು ಕಾಳಿನಷ್ಟು ಇಟ್ಟ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಕಾರ್ಡು ಭಾರಕ್ಕೆ ಬಾಗದಂತೆ ಕೆಳಗೊಂದು ಕಡ್ಡಿ ಊರಿದ. ಬಟನ್ ಒತ್ತಿದ.

"ಆನ್ ಆಯ್ತೇನ್ರೀ?" ಅವಳು ಬಗ್ಗಿ ಕೈ ಹಿಡಿದು ಗಾಳಿ ಬರುತ್ತಿದೆಯೇ ಎಂದು ನೋಡಿದಳು. "ಅಬ್ಬಾ! ಏನೂ ಕೇಳಿಸ್ತಾನೇ ಇಲ್ವಲ್ಲ!"

ಅವನ ಮುಖ ಅರಳಲಿಲ್ಲ. "ಆ ಸೀಟಿ ಹಾಗೇ ಇದೆ."

"ಯಾವ ಸೀಟಿ?"

ಅವಳಿಗೆ ಕೇಳಿಸಲಿಲ್ಲ. ರಿಪೇರಿಯವನನ್ನು ಕರೆಸಿದ, ಅವನು ಕೆನ್ನೆಯನ್ನು ಪೆಟ್ಟಿಗೆಗೆ ಅಂಟಿಸಿ, ಉಸಿರು ಬಿಗಿಹಿಡಿದು, ತಲೆಯಾಡಿಸಿದ. "ನನಗೇನೂ ಕೇಳಿಸ್ತಿಲ್ಲ ಸಾರ್."

"ಕಿವಿಯಣ್ಣನ ಕಿವಿ ನಿಮಗೆಲ್ಲಿಂದ ಬರಬೇಕು, ಬಿಡಿ" ಎಂದು ಕಿವಿಯಣ್ಣ ನಕ್ಕ. ರಿಪೇರಿಯವನೂ ನಕ್ಕು, ಯಾವುದಕ್ಕೂ ಇರಲಿ ಎಂದು ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿಯನ್ನು ಬದಲಿಸಿಕೊಟ್ಟು ಹೋದ. ಸೀಟಿ ನಿಲ್ಲಲಿಲ್ಲ. ಮೊದಲು ಫ್ಯಾನಿನ ಬೊಬ್ಬೆಯಲ್ಲಿ ಅರ್ಧ ಮುಚ್ಚಿಹೋಗುತ್ತಿದ್ದುದು ಈಗ ಬೆತ್ತಲೆಯಾಗಿ ಕೇಳಿಸುತ್ತಿತ್ತು. ತಪ್ಪು ಕೂಲರ್ ಆರಿಸಿದೆನೇ ಎಂದು ಕೊರಗಿದ. ಅದನ್ನು ವಾಪಸು ಕೊಟ್ಟು ಬೇರೆಯದನ್ನು ತರಲು ಮನಸ್ಸು ಮಾಡಿಕೊಂಡ.

ಒಂದು ಮಧ್ಯಾಹ್ನ ಮೇಜಿನ ಕೆಳಗೆ ಮಂಡಿಯೂರಿ, ಕಣ್ಣು ಮುಚ್ಚಿ, ಪೆಟ್ಟಿಗೆಗೆ ಕಿವಿಕೊಟ್ಟು ಕೂತಿದ್ದ. ಎಲ್ಲಿಂದ ಬರುತ್ತಿದೆ ಎಂದು ಇಂಚಿಂಚಾಗಿ ಹುಡುಕುತ್ತಿದ್ದ.

"ಸಿಕ್ತು ಕಣೇ" ಎಂದು ಕೂಗಿದ. "ಹಿಂದ್ಗಡೆಯಿಂದ ಬರ್ತಿದೆ. ಈಗ ಸ್ಪಷ್ಟವಾಗಿ ಕೇಳಿಸ್ತಿದೆ ನೋಡು."

ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಅವಳ ಕೈಯಲ್ಲಿ ಸುಟ್ಟುಹೋದ ಬಲ್ಬಿತ್ತು.

"ಏನು ಕೇಳಿಸ್ತಿದೆ ರೀ? ಬಲ್ಬ್ ಬದಲಾಯಿಸೋಕೆ ಮೇನ್ ಸ್ವಿಚ್ಚೇ ಆರಿಸಿದೀನಲ್ಲ. ಹೇಳಿದೆನಲ್ಲ ನಿಮಗೆ?"

ಅವನು ಕಣ್ಣು ತೆರೆದ. ಫ್ಯಾನಿನ ರೆಕ್ಕೆಗಳು ನಿಂತಿದ್ದವು. ಪರದೆ ಕಪ್ಪಾಗಿತ್ತು. ಸೀಟಿ ಮಾತ್ರ ಹಾಗೇ ಇತ್ತು. ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡ. ಅದು ಇನ್ನೂ ಹತ್ತಿರ ಬಂತು. ಎದ್ದು ನಿಲ್ಲಲು ಹೋಗಿ ಮೇಜಿನ ಅಂಚು ತಲೆಗೆ ಬಡಿಯಿತು. ಅವಳು ಓಡಿಬಂದು ತಲೆ ನೀವುತ್ತಾ, "ಏನಾಯ್ತು? ಏನಾಯ್ತು ಹೇಳಿ" ಎನ್ನುತ್ತಿದ್ದಳು. ಮಾರನೆಯ ದಿನ ಅವನು ಅವಳನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಆಸ್ಪತ್ರೆಗೆ ಹೋದ.

ಕಿವಿ ಡಾಕ್ಟರು ಅವನನ್ನು ಸದ್ದು ಹೊಗದ ಸಣ್ಣ ಕೋಣೆಯಲ್ಲಿ ಕೂರಿಸಿ, ಸ್ವರ ಕೇಳಿಸಿದಾಗ ಬಟನ್ ಒತ್ತಲು ಹೇಳಿದರು. ಯಾವುದು ಯಂತ್ರದ ಸ್ವರ, ಯಾವುದು ತನ್ನದು ಎಂದು ತಿಳಿಯದೆ ಅವನು ಒತ್ತಬಾರದಲ್ಲೆಲ್ಲ ಒತ್ತಿದ.

"ಒಳಗಿವಿ ಸವೆದಿದೆ" ಎಂದರು ಡಾಕ್ಟರು. "ಎಷ್ಟು ವರ್ಷದಿಂದ ಹೆಡ್‌ಫೋನ್ ಹಾಕ್ತಿದೀರಿ? ಎತ್ತರದ ಸ್ವರಗಳು ನಿಮಗೆ ಕೇಳಿಸ್ತಾ ಇಲ್ಲ. ಕೇಳಿಸದೇ ಇರೋ ಜಾಗದಲ್ಲಿ ಈ ಸೀಟಿ ಬಂದು ಕೂತಿದೆ."

"ಹೋಗುತ್ತಾ ಸಾರ್?"

"ಅಭ್ಯಾಸ ಆಗುತ್ತೆ. ತೀರಾ ನಿಶ್ಶಬ್ದದಲ್ಲಿ ಕೂರಬೇಡಿ, ಅಷ್ಟೆ."

ಹೆಂಡತಿಗೆ "ಕಿವಿಯಲ್ಲಿ ಗುಗ್ಗೆಯಂತೆ, ಹನಿ ಹಾಕಿದ್ದಾರೆ" ಎಂದು ಸುಳ್ಳು ಹೇಳಿ ಮತ್ತೆ ಕೆಲಸಕ್ಕೆ ಕೂತ. ಕಿವಿಯಣ್ಣನಿಗೆ ಕಿವಿ ಹೋಯಿತು ಎಂದು ಊರೆಲ್ಲ ಆಡಿಕೊಳ್ಳುವುದನ್ನು ಅವನು ಒಳಗೇ ಕೇಳಿಸಿಕೊಂಡು ಬೆವೆತ. ಹೊಟ್ಟೆಪಾಡಿನ ಚಿಂತೆ ಆಮೇಲಿನದು; ಕಿವಿಯಿಲ್ಲದ ತಾನು ಯಾರು ಎಂಬುದೇ ಅವನಿಗೆ ಹೊಳೆಯಲಿಲ್ಲ. ಪಾಠಗಳ ಒಂದು ದೊಡ್ಡ ಕಂತನ್ನು ಮುಗಿಸಿ ಕಳಿಸಿದ. ಅದು ಇಡಿಯಾಗಿ ತಿರುಗಿ ಬಂತು. ಪಾಠ ಮಾಡಿಸುವ ಕಂಪನಿಯಿಂದ ಫೋನ್ ಮಾಡಿದಾಕೆ ಸಂಕೋಚಪಡುತ್ತಲೇ ಹೇಳಿದಳು: "ಸಾರ್, ಪ್ರತಿಯೊಂದರಲ್ಲೂ ಕುಂಯ್ ಅಂತ ಒಂದು ಸದ್ದಿದೆ. ನಮ್ಮ ಆಫೀಸಲ್ಲಿ ಎಲ್ಲರಿಗೂ ಕೇಳಿಸ್ತು. ನಿಮ್ಮ ಕೈಯಿಂದ ಇಂಥದ್ದು ಹೇಗೆ..."

ಹೆಂಡತಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೈಕಿನ ಪಕ್ಕದಲ್ಲೇ ಚುಚ್ಚಿಟ್ಟಿದ್ದ ಫೋನಿನ ಚಾರ್ಜರಿನ ಸದ್ದು ಅದು. ಅವಳು ಹೆಡ್‌ಫೋನ್ ತೆಗೆದು ಅವನನ್ನೇ ನೋಡಿದಳು.

"ನಿಮಗೆ ಇದು ಕೇಳಿಸ್ಲಿಲ್ವಾ?"

ಅವನು ಡಾಕ್ಟರ ಚೀಟಿಯನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ.

"ನನ್ನ ಹತ್ರ ಯಾಕೆ ಮುಚ್ಚಿಟ್ರಿ?" ಅವಳ ದನಿ ಒಡೆಯಿತು. ಅವಳಿಗೆ ಇಷ್ಟು ಕೋಪ ಬಂದದ್ದನ್ನು ಅವನು ನೋಡಿರಲಿಲ್ಲ. ಆ ಕೋಪದ ಮಾತಿನಲ್ಲೂ ಉದ್ದಕ್ಕೂ ಒಂದು ತಂತಿ ಎಳೆದಂತೆ ಸೀಟಿ ಓಡುತ್ತಿತ್ತು. ಇನ್ನು ಮುಂದೆ ಅವಳು ಏನು ಹೇಳಿದರೂ ಹೀಗೇ ಎಂದು ಆಗ ಅವನಿಗೆ ಅರಿವಾಯಿತು. ಅವಳು ಬೈಯುತ್ತಲೇ ಇದ್ದಳು, ಅವನು ಅಳತೊಡಗಿದ.

ಆಮೇಲೆ ಕೆಲಸವೆಲ್ಲ ಅವಳ ಕೈಗೆ ಬಂತು. ಸದ್ದು ಹಿಡಿಯುವುದು, ಸೋಸುವುದು ಎಲ್ಲವನ್ನೂ ಅವಳು ಕಲಿತಳು. ಮೊದಮೊದಲು ಅವನು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ. ಆದರೆ ಆ ಕೋಣೆಯ ಮೌನದಲ್ಲಿ ಸ್ವಲ್ಪ ಹೊತ್ತು ಕೂತರೆ ತಲೆ ಸಿಡಿಯುತ್ತಿತ್ತು. ಕಾಲು ಕುಣಿಸುವನು, ನಿಟ್ಟುಸಿರು ಬಿಡುವನು, ಅದೆಲ್ಲ ಮೈಕಿಗೆ ಬೀಳುವುದು.

"ಸ್ವಲ್ಪ ಹೊರಗೆ ಹೋಗಿ ಬರ್ತೀರಾ?" ಎಂದಳು ಒಂದು ದಿನ, ಬೇಸರವಾಗದಂತೆ ಮೆಲ್ಲಗೆ. ಮಾರನೆಯ ದಿನದಿಂದ ಅವಳು ಹೇಳುವ ಮೊದಲೇ ಅವನು ಚಪ್ಪಲಿ ಮೆಟ್ಟತೊಡಗಿದ.

ನಾಲ್ಕು ರಸ್ತೆ ಕೂಡುವಲ್ಲಿ, ಬಸ್ಸು ನಿಲ್ಲುವ ಕಡೆ ಒಂದು ಕಲ್ಲುಬೆಂಚಿದೆ. ಲಾರಿಗಳು ಗೇರು ಬದಲಿಸುವಾಗ, ಹಾರನ್ನುಗಳು ಒಂದರ ಮೇಲೊಂದು ಬೀಳುವಾಗ ಸೀಟಿ ಕೊಂಚ ಅಡಗುತ್ತದೆ. ಬೇರೆಯವರು ಮೂಗು ಕಿವಿ ಮುಚ್ಚಿಕೊಂಡು ದಾಟಿಹೋಗುವ ಆ ಜಾಗದಲ್ಲಿ ಅವನು ಹೊತ್ತು ಹೋಗುವವರೆಗೂ ಕೂರುತ್ತಾನೆ. ಕೆಲಸ ಮುಗಿದ ಮೇಲೆ ಅವಳು ಫೋನ್ ಮಾಡುತ್ತಾಳೆ. ಅದು ಜೇಬಿನಲ್ಲಿ ಅದುರುವುದು ಅವನಿಗೆ ತಿಳಿಯುತ್ತದೆ. ಕೆಲವು ದಿನ ಎತ್ತಿಕೊಳ್ಳುತ್ತಾನೆ. ಕೆಲವು ದಿನ, ಇನ್ನೊಂದು ಬಸ್ಸು ಬಂದು ಹೋಗಲಿ ಎಂದು ಹಾಗೇ ಕೂತಿರುತ್ತಾನೆ.