ಟಗರಿಗೆ ತಿನ್ನಿಸುವ ಬೆಲ್ಲ

ಜವನಗೊಂಡನಹಳ್ಳಿ ಸುತ್ತಿನ ಹಟ್ಟಿಗಳಲ್ಲಿ ಟಗರಿನ ಬೀಜ ಒಡೆಯಬೇಕಾದರೆ ನಮ್ಮಪ್ಪನಿಗೇ ಹೇಳಿಕಳಿಸುತ್ತಿದ್ದರು. ಅಪ್ಪನ ಕೈ ಚುರುಕು, ಟಗರು ಒಮ್ಮೆ ಒದ್ದಾಡುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಅದರ ತಲೆಯನ್ನು ತೊಡೆಗೆ ಒತ್ತಿಕೊಂಡು ಅಂಗೈಲಿ ಬೆಲ್ಲ ತಿನ್ನಿಸುತ್ತಿದ್ದ. ಸುತ್ತ ನಿಂತವರು ಯಾರಾದರೂ ನಕ್ಕರೆ ಗದರುತ್ತಿದ್ದ. ಚಿಕ್ಕಂದಿನಲ್ಲಿ ನನಗೆ ಇದು ಮೋಸ ಅನ್ನಿಸುತ್ತಿತ್ತು, ಮಾಡುವುದೆಲ್ಲ ಮಾಡಿ ಬೆಲ್ಲ ಬೇರೆ ಕೇಡು ಅಂತ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಮೂತ್ರ ಕಟ್ಟಿತು. ನಾನಾಗ ಹಿರಿಯೂರಿನಲ್ಲಿ ಟೀಚರು, ಆಸ್ಪತ್ರೆ ಓಡಾಟಕ್ಕೆ ನಾನೇ ಜೊತೆ. ಚಿತ್ರದುರ್ಗದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ, ಇನ್ನೂ ಹರಡಿಲ್ಲ, ಕರೆಂಟು ಕೊಟ್ಟರೆ ಉಳಿಯಬಹುದು ಎಂದರು ಅಲ್ಲಿಯವರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಕರೆಂಟು ಅಂತಲೇ ಹೆಸರು. ಅದಕ್ಕೂ ಮೊದಲು ಗಡ್ಡೆ ಕುಗ್ಗಬೇಕು, ಕೆಲವು ತಿಂಗಳು ಹಾರ್ಮೋನ್ ಮಾತ್ರೆ ನುಂಗಬೇಕು. ಗಂಡಸಿನ ಕಸುವೇ ಗಡ್ಡೆಗೆ ಮೇವು, ಅದನ್ನು ನಿಲ್ಲಿಸುವ ಮಾತ್ರೆ ಎಂದು ಹೇಳುವಾಗ ಡಾಕ್ಟರು ಪಕ್ಕದಲ್ಲಿದ್ದ ಮಗಳು, ನನ್ನ ಮುಖ ನೋಡಿ ತಡವರಿಸಿದರು.

"ಬೀಜ ಒಡ್ಯೋದು ಅನ್ರಿ ಸಾಹೇಬ್ರೆ, ನಮಗೆ ಗೊತ್ತೈತೆ," ಎಂದ ಅಪ್ಪ.

"ಹೂಂ, ಹಾಗೇ ಅಂದ್ಕೊಳ್ಳಿ," ಎಂದರು ಡಾಕ್ಟರು. ಆ ಮಾತಿನಿಂದಲೇ ನಾವು ಕೆಟ್ಟೆವು.

ಊರಿಗೆ ಬಂದ ಮೇಲೆ ಮಾತ್ರೆಯ ದೆಸೆಯಿಂದ ಅಪ್ಪನ ಎದೆ ಹೆಂಗಸರ ಹಾಗೆ ಊದಿಕೊಂಡಿತು, ಮುಟ್ಟಿದರೆ ನೋವು. ಕೂತಲ್ಲೇ ಬೆವರುತ್ತಿದ್ದ. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯಲು ಗಂಡಸರೆಲ್ಲ ಬರಿಮೈಯಲ್ಲಿ ಕೆರೆಗಿಳಿಯುತ್ತಾರೆ. ಪ್ರತಿ ವರ್ಷ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ಅಪ್ಪ ಆ ಬೇಸಿಗೆಯಲ್ಲಿ ಕಂಬಳಿ ಹೊದ್ದು ಕೆರೆ ಏರಿಯ ಮೇಲೆ ಕೂತಿದ್ದ. "ಏನಪ್ಪ, ಚಳಿಯಾ?" ಎಂದು ಒಬ್ಬ ಕೆಣಕಿದ. ಅವನ ತಲೆಯನ್ನು ನೀರಿಗೆ ಅದ್ದಬೇಕು ಅನ್ನಿಸಿತು ನನಗೆ. ಅಪ್ಪ ಕಂಬಳಿಯನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ.

ಮತ್ತೆ ಬೆಂಗಳೂರಿಗೆ ಹೋದಾಗ ಪರೀಕ್ಷೆ ಮಾಡಿದ ಡಾಕ್ಟರ ಮುಖ ಇಳಿಯಿತು. ಗಡ್ಡೆ ಕುಗ್ಗುವುದಿರಲಿ, ಬೆಳೆದಿತ್ತು. ಮಾತ್ರೆ ತಗೊಳ್ತಿದ್ದೀರಾ ಎಂದು ಕೇಳಿದರು.

"ನಿಲ್ಸಿದೆ. ಕೆಲ್ಸ ಆತಲ್ಲ," ಎಂದ ಅಪ್ಪ ಅಂಗಿ ಎತ್ತಿ ಎದೆ ತೋರಿಸಿದ. ಹಟ್ಟಿಯವರಿಂದ ಬಚ್ಚಿಟ್ಟಿದ್ದನ್ನು ಅಲ್ಲಿ ಸಾಕ್ಷಿಯ ಹಾಗೆ ಮುಂದಿಟ್ಟ. ಒಂದು ಸಲ ಬೀಜ ಒಡೆದರೆ ಮುಗಿಯಿತು, ಅದನ್ನು ಯಾರೂ ಮತ್ತೆ ಮತ್ತೆ ಒಡೆಯುವುದಿಲ್ಲ, ಅಪ್ಪನ ಲೆಕ್ಕ ಅಷ್ಟೇ. ನಾಚಿಕೆಯೂ ಸ್ವಲ್ಪ ಸೇರಿತ್ತು ಅನ್ನಿ. ಮಾತ್ರೆ ಬಿಟ್ಟರೆ ಕಸುವು ಮರಳುತ್ತದೆ, ಗಡ್ಡೆಗೆ ಮತ್ತೆ ಮೇವು ಸಿಗುತ್ತದೆ ಎಂದು ಡಾಕ್ಟರು ಮೊದಲು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮೊದಲಿಂದ ಶುರು ಮಾಡಿ, ಅಷ್ಟರಲ್ಲಿ ಹರಡದಿದ್ದರೆ ಕರೆಂಟು ಕೊಡೋಣ ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಿಟ್ಟಿಗೇ ನನಗೆ ಅಳು ಬಂತು.

ಮನೆಯಲ್ಲಿ ಅಪ್ಪ ಮಾತ್ರೆ ಮುಟ್ಟಲಿಲ್ಲ. "ಯಾವ ಟಗರಿಗೂ ನಾನು ಎಲ್ಡನೇ ಸಲ ಮಾಡಿಲ್ಲ. ನನಗ್ಯಾಕೆ ಮಾಡ್ತೀರಿ?" ಎಂದ.

ಅವ್ವ ವಾದಕ್ಕಿಳಿಯಲಿಲ್ಲ. ಒಂದು ಚೂರು ಬೆಲ್ಲದ ಜೊತೆ ಮಾತ್ರೆಯನ್ನು ಅಂಗೈಲಿಟ್ಟುಕೊಂಡು ಅವನ ಪಕ್ಕ ಕೂತಳು. ಇನ್ನೊಂದು ಕೈಯಿಂದ ಅವನ ಎದೆ ಮೇಲಿನ ಕಂಬಳಿ ಸರಿಸಿದಳು. "ಇಲ್ಲಿ ಯಾರೂ ನಗಲ್ಲ, ತಿನ್ನು," ಎಂದಳು. ಅಪ್ಪ ತಲೆ ತಗ್ಗಿಸಿ ಅವಳ ಅಂಗೈಗೇ ಬಾಯಿ ಹಾಕಿದ. ನನಗೆ ನೋಡಲಾಗದೆ ಎದ್ದು ಹೊರಗೆ ಹೋದೆ.

ಆ ಸಲ ಗಡ್ಡೆ ಕುಗ್ಗಿತು, ಕರೆಂಟೂ ಆಯಿತು, ಅಪ್ಪ ಉಳಿದ. ಆಮೇಲೂ ಜನ ಟಗರು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಪ್ಪ ಅದಕ್ಕೆ ಬೆಲ್ಲ ತಿನ್ನಿಸಿ, ಬೆನ್ನು ಸವರಿ, ಹಾಗೇ ವಾಪಸ್ಸು ಕಳಿಸುತ್ತಿದ್ದ.